ಖಾಲಿ ಕುರ್ಚಿಯ ಮುಂದೆ

ಕತ್ತಿನ ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದಾಗ ಲೋರ್ನಾ ಬ್ರಯರ್ಲಿಗೆ ನಗು ಬಂತು. ಸವೆಯದೆ ಇನ್ನೇನಾದೀತು? ಇಪ್ಪತ್ತಮೂರು ವರ್ಷ ಇಡೀ ಬ್ರಿಟನ್ನಿನ ಮುಂದೆ ತಲೆಯಾಡಿಸಿ ಹೊಟ್ಟೆ ಹೊರೆದವಳು ಅವಳು. ಅಂಚೆಯವನಿಗೆ ಕಾಲು ಸವೆಯುತ್ತದೆ, ಗಿರಣಿಯವಳಿಗೆ ಕಿವಿ ಸವೆಯುತ್ತದೆ, ಇವಳಿಗೆ ಕತ್ತು. "ಸ್ವಲ್ಪ ದಿನ ತಲೆ ಆಡಿಸೋದು ಕಮ್ಮಿ ಮಾಡಿ" ಎಂದು ಡಾಕ್ಟರು ತಮಾಷೆ ಮಾಡಿದರು. ಅದಕ್ಕೂ ಅವಳು ಅಭ್ಯಾಸಬಲದಿಂದ ತಲೆಯಾಡಿಸಿದಳು.

ಶುರುವಾದದ್ದು ಮ್ಯಾಂಚೆಸ್ಟರಿನ ಟೀವಿಯಲ್ಲಿ, ನಾಳೆ ಮೋಡ ನಾಡಿದ್ದು ಮಳೆ ಎಂದು ಭೂಪಟದ ಮುಂದೆ ಕೈ ಬೀಸುವುದರಿಂದ. ಆಮೇಲೆ ಕ್ರಿಸ್‌ಮಸ್ ನಾಟಕಗಳಲ್ಲಿ ರೆಕ್ಕೆ ಕಟ್ಟಿಕೊಂಡು ಯಕ್ಷಿಣಿಯಾದಳು, ಹೊಸ ಅಂಗಡಿಗಳ ರಿಬ್ಬನ್ ಕತ್ತರಿಸಿದಳು, ಬೆಳಗಿನ ಕಾರ್ಯಕ್ರಮದಲ್ಲಿ ಯಾರೋ ಮಾಡಿದ ಬೆಂದೂ ಬೇಯದ ಕೋಳಿಯನ್ನು ಬಾಯಿಗಿಟ್ಟು "ಆಹಾ" ಎಂದಳು. ಮೂವತ್ತೊಂಬತ್ತನೆಯ ವಯಸ್ಸಿಗೆ ಕೈಗೆ ಸಿಕ್ಕಿದ್ದು 'ಒಳಗೆ ಬರಲೇ?' ಎಂಬ ಮಧ್ಯಾಹ್ನದ ಕಾರ್ಯಕ್ರಮ. ವಾರಕ್ಕೊಮ್ಮೆ ಯಾವುದೋ ಊರಿನ ಯಾವುದೋ ಮನೆಯ ಕದ ತಟ್ಟಿ, ಒಳಗೆ ಹೋಗಿ ಕೂತು, ಮನೆಯವರ ಮಾತು ಕೇಳುವುದು. ಅಷ್ಟೇ. ಯಾರ ಮಾತನ್ನು ಯಾರೂ ಕೇಳದ ದೇಶದಲ್ಲಿ ಅದೊಂದು ಪವಾಡದಂತೆ ಕಂಡಿತೋ ಏನೋ, ಜನ ಹುಚ್ಚೆದ್ದು ನೋಡಿದರು. ಪತ್ರಿಕೆಯವರು ಅವಳನ್ನು 'ದೇಶದ ಕಿವಿ' ಎಂದು ಕರೆದರು.

ಆ ಕಿವಿಯ ಗುಟ್ಟು ಕಸುಬಿನವರಿಗಷ್ಟೇ ಗೊತ್ತು. ಇದ್ದದ್ದು ಒಂದೇ ಕ್ಯಾಮರಾ. ಅದು ಲೋರ್ನಾಳ ಹೆಗಲ ಹಿಂದೆ ನಿಂತು ಮನೆಯವರ ಮುಖವನ್ನು ಹಿಡಿಯುತ್ತಿತ್ತು. ಮನೆಯವರು ಮಾತು ಮುಗಿಸಿ ಎದ್ದುಹೋದ ಮೇಲೆ ಕ್ಯಾಮರಾವನ್ನು ತಿರುಗಿಸಿ ಲೋರ್ನಾಳ ಮುಖ ಹಿಡಿಯುತ್ತಿದ್ದರು. ಆಗ ಎದುರಿಗೆ ಇರುತ್ತಿದ್ದದ್ದು ಬರೀ ಕುರ್ಚಿ. ಅವಳು ಆ ಕುರ್ಚಿಗೆ ತಲೆಯಾಡಿಸಬೇಕು. ನಕ್ಕು ಒಂದು ಸಲ, ಬೆರಗಾಗಿ ಒಂದು ಸಲ, ಮರುಗಿ ಒಂದು ಸಲ. ಆಮೇಲೆ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಕತ್ತರಿಸಿ ಅಂಟಿಸಿದರೆ ಆಯಿತು. ಕೋಲೆ ಬಸವನೂ ಎದುರಿಗೆ ಒಬ್ಬರು ನಿಂತಿದ್ದರೆ ತಾನೇ ತಲೆಯಾಡಿಸುವುದು! ಇವಳು ಅದನ್ನೂ ಮೀರಿಸಿದ್ದಳು.

ಕೇಳುವ ಮುಖವನ್ನು ಆಮೇಲೆ ಮಾಡಬಹುದು ಎಂದಾದ ಮೇಲೆ ಆಗ ಕೇಳುವ ತೊಂದರೆ ಯಾಕೆ? ಮೊದಮೊದಲು ಕೇಳುತ್ತಿದ್ದಳು, ನಿಜವಾಗಿಯೂ. ಬರಬರುತ್ತಾ ಮನೆಯವರು ಮಾತಾಡುತ್ತಿದ್ದರೆ ಇವಳು ಮುಂದಿನ ಪ್ರಶ್ನೆ, ಹೊತ್ತು, ಮನೆಗೆ ಹೋಗುವ ರಸ್ತೆ, ಮಂಡಿನೋವು ಇವುಗಳಲ್ಲಿ ಮುಳುಗಿರುತ್ತಿದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವಂತೆ, ಆ ಚಾಳಿ ಮನೆಗೂ ಬಂತು. ಗಂಡ ಹೊರಟುಹೋದ ದಿನ ಬಾಗಿಲಲ್ಲಿ ನಿಂತು ಹೇಳಿದ್ದ: "ಹೋಗ್ತೀನಿ ಅಂತ ಮೂರು ತಿಂಗಳ ಹಿಂದೇನೇ ಹೇಳಿದ್ದೆ ಲೋರ್ನಾ. ನೀನು ತಲೆ ಆಡಿಸ್ದೆ."

ಈಗ ಅದೆಲ್ಲ ಮುಗಿಯುತ್ತಿತ್ತು. ಚಾನೆಲ್ಲಿನವರು ಊಟಕ್ಕೆ ಕರೆದು, ಹೂಗುಚ್ಛ ಕೊಟ್ಟು, ಬಾಗಿಲು ತೋರಿಸಿದ್ದರು. ಕೊನೆಯ ಕಂತಿಗೆ ಹಳೆಯ ಮನೆಯೊಂದಕ್ಕೆ ಮತ್ತೆ ಹೋಗುವುದೆಂದು ತೀರ್ಮಾನವಾಯಿತು. ಯಾವ ಮನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಬರ್ನ್ಲಿಯ ಒಂದು ಮನೆಯಲ್ಲಿ ಲೋರ್ನಾ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ತುಂಬಿಕೊಂಡು, ನಿಧಾನವಾಗಿ ತಲೆಯಾಡಿಸಿದ್ದಳಲ್ಲ, ಆ ಚಿತ್ರವೇ ಅಂದಿನಿಂದ ಪ್ರತಿ ವಾರ ಕಾರ್ಯಕ್ರಮದ ಮೊದಲಲ್ಲಿ ಹೆಸರಿನ ಜೊತೆ ಬರುತ್ತಿತ್ತು. ಪ್ರಶಸ್ತಿ ಬಂದದ್ದು ಅದರಿಂದ. ಅವಳ ಬಾಳು ನಿಂತದ್ದೂ ಅದರ ಮೇಲೆ. ಆ ಮನೆಯ ಮುದುಕಿ, ಮೇವಿಸ್ ಹಾರ್ಗ್ರೀವ್ಸ್, ಕಾರ್ಯಕ್ರಮ ನಿಲ್ಲುವ ಸುದ್ದಿ ಓದಿ ಕಾಗದವನ್ನೂ ಬರೆದಿದ್ದಳು: 'ನಿಲ್ಲೋ ಮುಂಚೆ ಒಂದು ಸಲ ಬಾ. ಒಂದು ಮಾತು ಕೇಳುವುದಿದೆ.'

ನವೆಂಬರಿನ ಒಣ ಚಳಿಯಲ್ಲಿ ಮೂವರು ವ್ಯಾನಿನಿಂದ ಇಳಿದರು. ಲೋರ್ನಾ, ಮೊದಲಿನಿಂದಲೂ ಜೊತೆಗಿದ್ದ ವೇಲ್ಸ್‌ನ ಕ್ಯಾಮರಾದವನು ಗೆರೈಂಟ್, ಮತ್ತು ಕೆಲಸಕ್ಕೆ ಸೇರಿ ವರ್ಷವಾಗಿದ್ದ ನಿರ್ದೇಶಕಿ ಟಾಮ್ಸಿನ್. ಲೋರ್ನಾ ಕದ ತಟ್ಟುವ ಮೊದಲೇ ಮೇವಿಸ್ ತೆರೆದಳು. ಎಂಬತ್ತನಾಲ್ಕರ ಮುದುಕಿ, ಹಿಡಿಯಷ್ಟು ಮೈ, ಹರಿತವಾದ ಕಣ್ಣು.

"ಒಳಗೆ ಬರಲೇ?" ಎಂದಳು ಲೋರ್ನಾ, ದೇಶಕ್ಕೆಲ್ಲ ಗೊತ್ತಿದ್ದ ಆ ರಾಗದಲ್ಲಿ.

"ಅದೇನ್ ಕೇಳ್ತೀಯ ಬಾರಮ್ಮ. ಹತ್ತೊಂಬತ್ತು ವರ್ಷದಿಂದ ನಮ್ಮನೇಲೇ ಬಿದ್ದಿದೀಯ, ಬಾಡಿಗೇನೂ ಕೊಡ್ದೆ." ಮುದುಕಿಯ ಕಣ್ಣು ಟಾಮ್ಸಿನ್ನಳ ಹರಿದ ಜೀನ್ಸಿಗೆ ಹೋಯಿತು. "ಈ ಮಗೂಗೆ ಮಂಡಿ ಹತ್ರ ಬಟ್ಟೆ ಸಾಕಾಗ್ಲಿಲ್ವಾ? ಬೆಂಕಿ ಹತ್ರ ಕೂತ್ಕೊ ತಾಯಿ, ಮಂಡಿಗೆ ಶೀತ ಆದೀತು."

"ಇದು ಫ್ಯಾಷನ್ ಮಿಸೆಸ್ ಹಾರ್ಗ್ರೀವ್ಸ್."

"ನಮ್ಮ ಕಾಲದಲ್ಲಿ ಇದಕ್ಕೆ ಬಡತನ ಅಂತಿದ್ರು."

ಮುಂದಿನ ಕೋಣೆಯಲ್ಲಿ ಕುರ್ಚಿಗಳು ಅಲ್ಲೇ ಇದ್ದವು, ಚಳಿ ಕಾಯಿಸುವ ಗ್ಯಾಸಿನ ಬೆಂಕಿಯ ಆಚೆಗೊಂದು ಈಚೆಗೊಂದು. ಮೇವಿಸ್ ಗಂಡನ ಕುರ್ಚಿಯಲ್ಲಿ ಕೂತಳು. ಗಂಡ ವಿಲ್ಫ್ ಹಿಂದಿನ ಸಲ ಅದೇ ಕುರ್ಚಿಯಲ್ಲಿ ಕೂತು ತನ್ನ ಪಂದ್ಯದ ಪಾರಿವಾಳಗಳ ಬಗ್ಗೆ ಮಾತಾಡಿದ್ದ. ಅವನು ತೀರಿಹೋಗಿ ಹತ್ತು ವರ್ಷ. ಲೋರ್ನಾ ಕೇಳಿದಳು, ಮೇವಿಸ್ ಹೇಳಿದಳು: ಪಾರಿವಾಳದ ಗೂಡು ಕಿತ್ತದ್ದು, ಬೀದಿಯಲ್ಲಿ ಹಳಬರು ಯಾರೂ ಉಳಿಯದ್ದು, ಮೂಲೆಯ ಮೀನಂಗಡಿ ಕ್ಷೌರದಂಗಡಿ ಆದದ್ದು. ಲೋರ್ನಾಳ ಕಿವಿಗೆ ಅರ್ಧ ಬಿತ್ತು, ಅರ್ಧ ಗಾಳಿಗೆ ಹೋಯಿತು. ಇನ್ನರ್ಧ ಗಂಟೆ, ಆಮೇಲೆ ಮುಗಿಯಿತು, ಇಷ್ಟೇ ಅವಳ ತಲೆಯಲ್ಲಿದ್ದದ್ದು. ಸಂತೋಷವೂ ಇರಲಿಲ್ಲ, ಸಂಕಟವೂ ಇರಲಿಲ್ಲ. ಸುಸ್ತು ಮಾತ್ರ ಇತ್ತು, ನಿದ್ದೆಯಿಂದ ಹೋಗದಂಥದ್ದು.

ಬ್ಯಾಟರಿ ಬದಲಾಯಿಸಲು ಗೆರೈಂಟ್ ಹೊರಗೆ ಹೋದ. ಟಾಮ್ಸಿನ್ ಫೋನು ಹಿಡಿದು ಅವನ ಹಿಂದೆ ಹೋದಳು. ಬಾಗಿಲು ಮುಚ್ಚಿದ್ದೇ ಮೇವಿಸ್ ಮುಂದಕ್ಕೆ ಬಾಗಿದಳು.

"ಈಗ ಹೇಳು ತಾಯಿ. ಆವತ್ತು ವಿಲ್ಫ್ ನಿನಗೇನು ಹೇಳ್ದ?"

"ಯಾವತ್ತು?"

"ಆವತ್ತು ಕಣೇ! ನಾನು ಅಡಿಗೆಮನೇಲಿ ನಿಮಗೆಲ್ಲ ಟೀ ಕಾಸ್ತಿದ್ದೆ. ಟೀವೀಲಿ ಬಂದಾಗ ನೋಡಿದೆ. ಪಂದ್ಯಕ್ಕೆ ಅಂತ ಫ್ರಾನ್ಸಿಂದ ಹಾರಿಬಿಟ್ಟ ಒಂದು ಹಕ್ಕಿ ವಾಪಸ್ ಬರ್ಲೇ ಇಲ್ಲ ಅಂತ ಇವನು ಹೇಳ್ತಾನೆ. ತಟ್ಟಂತ ನಿನ್ನ ಮುಖ ತೋರಿಸ್ತಾರೆ, ಕಣ್ಣು ತುಂಬಾ ನೀರು. ಹಕ್ಕಿ ಕಳ್ಕೊಂಡದ್ದಕ್ಕೆ ಯಾರಾದ್ರೂ ಹಂಗೆ ಅಳ್ತಾರಾ? ನಡುವೆ ಏನೋ ಹೇಳಿದಾನೆ, ಅದನ್ನ ನೀವು ಕತ್ತರಿಸಿದೀರ. ನೀಲ್ ವಿಷಯ ಹೇಳಿದ, ಅಲ್ವಾ?"

ನೀಲ್ ಅವರ ಮಗ. ಒಬ್ಬನೇ ಮಗ. ಮೇವಿಸ್ ಆ ಕಥೆಯನ್ನು ಉಸಿರೆಳೆದುಕೊಳ್ಳದೆ ಹೇಳಿದಳು, ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಟ್ಟವಳಂತೆ. ಹದಿನೆಂಟನೆಯ ವಯಸ್ಸಿನಲ್ಲಿ ಅವನು ಅಪ್ಪನ ಅತ್ಯುತ್ತಮ ಪಾರಿವಾಳವನ್ನು ಕದ್ದು ಮಾರಿ ಮೋಟಾರ್ ಬೈಕ್ ತಂದ. ಅಪ್ಪ ಅವನ ಚೀಲವನ್ನು ಬೀದಿಗೆ ಎಸೆದ. ಹುಡುಗ ಆಸ್ಟ್ರೇಲಿಯಾಕ್ಕೆ ಹೋದ, ಒಂದು ಕಾರ್ಡು ಬರೆದ. ಮೂರು ವರ್ಷದ ಮೇಲೆ ಅಲ್ಲಿಂದ ಸರ್ಕಾರದ ಕಾಗದ ಬಂತು, ರಸ್ತೆ ಅಪಘಾತ ಎಂದು. ವಿಲ್ಫ್ ಅದನ್ನು ಓದಿ, ಮಡಿಸಿ, ಪಾರಿವಾಳಗಳಿಗೆ ಕಾಳು ಹಾಕಲು ಹೋದ. ಅಂದಿನಿಂದ ಆ ಹೆಸರು ಅವನ ಬಾಯಲ್ಲಿ ಬರಲಿಲ್ಲ.

"ನೀನು ಬಂದು ಹೋದ ತಿಂಗಳೇ ನೀಲ್‌ಗೆ ನಲವತ್ತು ತುಂಬ್ತಿತ್ತು," ಎಂದಳು ಮೇವಿಸ್. "ಇವತ್ತು ಅವನಿದ್ದಿದ್ರೆ ನಲವತ್ತು ಕಣೋ ಅಂದೆ. ಇವನು, ಕಾಳು ತಂದ್ಯಾ ಅಂದ. ಸಾಕಾಗೋಯ್ತು ನಂಗೆ. ಪೆಟ್ಟಿಗೆ ಕಟ್ಟಿದೆ. ಸೌತ್‌ಪೋರ್ಟಲ್ಲಿ ನಮ್ಮಕ್ಕ ಕೋಣೆ ಗುಡಿಸಿಟ್ಟಿದ್ಲು. ಅದೇ ವಾರ ನೀನು ಟೀವೀಲಿ ಬಂದೆ. ನಿನ್ನ ಮುಖ ನೋಡ್ದೆ. ಓ, ನನ್ನ ಹತ್ರ ಬಾಯಿ ಬಿಡದವನು ಈ ಹುಡುಗಿ ಹತ್ರ ಬಿಟ್ಟಿದಾನೆ, ಅವನ ಎದೇಲೂ ಇದೆ, ಅಂದ್ಕೊಂಡೆ. ಪೆಟ್ಟಿಗೆ ಬಿಚ್ಚಿದೆ. ಆಮೇಲೆ ಅವನಿಗೆ ಲಕ್ವ ಹೊಡೀತು. ಆರು ವರ್ಷ ತುತ್ತಿಟ್ಟೆ, ಬಟ್ಟೆ ಬದಲಾಯಿಸ್ದೆ. ಮುಖ ಸಿಂಡರಿಸ್ಲಿಲ್ಲ. ಅವನನ್ನ ಕೇಳೋಕೆ ಧೈರ್ಯ ಬರ್ಲಿಲ್ಲ, ಆಮೇಲೆ ಅವನಿಗೆ ಮಾತೇ ಹೋಯ್ತು. ಏನಂದ ಅನ್ನೋದು ಗೊತ್ತಾಗ್ದೆ ಸಾಯೋಕೆ ಮನಸ್ಸಿಲ್ಲ ತಾಯಿ. ಅಷ್ಟೇ."

ಲೋರ್ನಾಳಿಗೆ ಏನೂ ನೆನಪಿರಲಿಲ್ಲ. ವಿಲ್ಫನ ಮುಖವೇ ಸರಿಯಾಗಿ ನೆನಪಿರಲಿಲ್ಲ. "ಒಂದ್ನಿಮಿಷ, ಬಂದೆ" ಎಂದು ಎದ್ದಳು.

ಗೆರೈಂಟ್ ವ್ಯಾನಿನ ಹಿಂದೆ ನಿಂತು ಬ್ಯಾಟರಿ ತುರುಕುತ್ತಿದ್ದ.

"ಹೋದ್ಸಲ ಈ ಮನೆ ಯಜಮಾನ ಏನೇನ್ ಮಾತಾಡ್ದ, ನೆನಪಿದೆಯಾ ನಿಂಗೆ?"

"ಪಾರಿವಾಳ."

"ಬೇರೆ? ಮಗನ ವಿಷಯ ಏನಾದ್ರೂ?"

"ಬರೀ ಪಾರಿವಾಳ ಕಣೇ. ಎರಡು ಗಂಟೆ. ನೀನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ದೆ, ನಾನು ನಿಂತ್ಕೊಂಡು ಮಾಡ್ತಿದ್ದೆ. ಮಗ ಇದ್ದ ಅನ್ನೋದೇ ನಂಗೆ ಈಗ ಗೊತ್ತಾಗ್ತಿದೆ." ಅವನು ಅವಳ ಮುಖ ನೋಡಿದ. "ಯಾಕೆ? ಏನಾಯ್ತು?"

"ಏನಿಲ್ಲ" ಎಂದಳು.

ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ನುಂಗುವಂತಿಲ್ಲ ಉಗುಳುವಂತಿಲ್ಲ. ನಿಜ ಹೇಳಿದರೆ ಮುದುಕಿಯ ಹತ್ತೊಂಬತ್ತು ವರ್ಷದ ನಂಬಿಕೆಯನ್ನೇ ಕಿತ್ತುಕೊಂಡಂತೆ. ಸುಳ್ಳು ಹೇಳಿದರೆ? ಸುಳ್ಳು ಹೇಳಿದರೆ ಯಾರಿಗೇನು ನಷ್ಟ, ಸತ್ತವನು ಬಂದು ಸಾಕ್ಷಿ ಹೇಳುತ್ತಾನೆಯೇ? ನಲವತ್ತು ವರ್ಷ ಸುಳ್ಳುಸುಳ್ಳೇ ನಕ್ಕಿದ್ದಾಳೆ, ಬೇಯದ ಕೋಳಿ ತಿಂದಿದ್ದಾಳೆ. ಇದೊಂದಾದರೂ ಒಬ್ಬರ ಉಪಯೋಗಕ್ಕೆ ಬರಲಿ ಎಂದುಕೊಂಡು ಒಳಗೆ ಹೋದಳು. ಮೇವಿಸಳ ಕೈ ಹಿಡಿದುಕೊಂಡಳು.

"ಹೇಳಿದ್ರು ಮಿಸೆಸ್ ಹಾರ್ಗ್ರೀವ್ಸ್. ನೀಲ್ ಹೆಸರೆತ್ತಿದ್ರು."

ಮುದುಕಿ ಇನ್ನಷ್ಟು ಮುಂದಕ್ಕೆ ಬಾಗಿದಳು. "ಏನಂದ?"

"ತಪ್ಪು ನಂದೇ ಅಂದ್ರು. ಅವನ ಚೀಲ ಎಸೆದ ಕೈ ಇದು ಅಂತ ಕೈ ತೋರಿಸಿದ್ರು. ಮೇವಿಸ್‌ಗೆ ಹೇಳೋಕೆ ಬಾಯಿ ಬರಲ್ಲ ಅಂದ್ರು. ಅದನ್ನ ಟೀವೀಲಿ ಹಾಕ್ಬೇಡಿ ಅಂತ ಕೇಳ್ಕೊಂಡ್ರು, ನಾವು ಹಾಕ್ಲಿಲ್ಲ."

ಎಷ್ಟು ಸಲೀಸಾಗಿ ಬಂತು! ಲೋರ್ನಾಳಿಗೇ ಹೇಸಿಗೆಯಾಯಿತು. ಮೇವಿಸ್ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅತ್ತು ಮುಗಿಸಿ ಮೂಗು ಒರೆಸಿಕೊಂಡಳು, ಹತ್ತು ವರ್ಷ ಸಣ್ಣವಳಾದವಳಂತೆ ಎದ್ದುನಿಂತಳು. "ನಂಗೊತ್ತಿತ್ತು. ನಂಗೊತ್ತಿತ್ತು ಕಣಮ್ಮ. ನಿನ್ನ ಮುಖ ಸುಳ್ಳು ಹೇಳಲ್ಲ. ಇರು, ಟೀ ಕಾಯಿಸ್ತೀನಿ. ಒಳ್ಳೆ ಕಪ್ಪು ತೆಗೀತೀನಿ ಇವತ್ತು." ಅಡಿಗೆಮನೆಯ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.

ಅಷ್ಟರಲ್ಲಿ ಟಾಮ್ಸಿನ್, ಗೆರೈಂಟ್ ಒಳಗೆ ಬಂದರು. "ಮಾತು ಸಾಕಷ್ಟು ಸಿಕ್ಕಿದೆ," ಎಂದಳು ಟಾಮ್ಸಿನ್. "ತಿರುಗಿಸೋಣ. ನಿಮ್ಮ ತಲೆಯಾಟ ತಗೊಂಡ್ಬಿಟ್ರೆ ಹೊರಡಬಹುದು."

"ಇವತ್ತು ಬೇಡ ಟಾಮ್ಸಿನ್."

"ಅಯ್ಯೋ, ಅದಿಲ್ದೆ ಜೋಡಿಸೋದು ಹೆಂಗೆ? ಎರಡೇ ನಿಮಿಷ ಲೋರ್ನಾ."

"ಬೇರೆ ಎಲ್ಲಾದ್ರೂ ತೆಗೆಯೋಣ."

"ಇದೇ ಗೋಡೆ, ಇದೇ ಬೆಳಕು ಬೇರೆ ಎಲ್ಲಿ ಸಿಗುತ್ತೆ? ಪ್ಲೀಸ್, ಆಫೀಸಲ್ಲಿ ನನ್ನ ಕತ್ತು ಹಿಡೀತಾರೆ."

ಇನ್ನೊಂದು ಸಲ ಬೇಡ ಎಂದಿದ್ದರೆ ಸಾಕಿತ್ತು. ಲೋರ್ನಾಳಿಗೂ ಅದು ಗೊತ್ತಿತ್ತು. ಆದರೆ ಹಟ ಹಿಡಿಯುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು. ಅಡಿಗೆಮನೆಯಲ್ಲಿ ಕೆಟಲು ಸದ್ದು ಮಾಡುತ್ತಿತ್ತು, ಕಪ್ಪುಗಳನ್ನು ಕೆಳಗಿಳಿಸುವುದು ಕೇಳುತ್ತಿತ್ತು, ಬಾಗಿಲು ಮುಚ್ಚಿತ್ತು. ಎರಡು ನಿಮಿಷ ತಾನೇ. ಅವಳು ಕೂತಳು. ಗೆರೈಂಟ್ ಕ್ಯಾಮರಾ ತಿರುಗಿಸಿದ.

"ನಗು," ಎಂದಳು ಟಾಮ್ಸಿನ್. ಲೋರ್ನಾ ವಿಲ್ಫನ ಖಾಲಿ ಕುರ್ಚಿಯತ್ತ ನಕ್ಕು ತಲೆಯಾಡಿಸಿದಳು.

"ಚೆನ್ನಾಗಿದೆ. ಆಶ್ಚರ್ಯ." ಹುಬ್ಬೇರಿಸಿ ತಲೆಯಾಡಿಸಿದಳು.

"ಈಗ ಆ ದೊಡ್ಡದು. ಟೈಟಲ್‌ನಲ್ಲಿದೆಯಲ್ಲ, ಥೇಟ್ ಹಂಗೇ. ಎದೆ ಮೇಲೆ ಕೈ, ಕಣ್ಣಲ್ಲಿ ನೀರು. ಕೊನೇ ಸಲ ಅಲ್ವಾ, ಜನ ಕಾಯ್ತಿರ್ತಾರೆ."

ಲೋರ್ನಾ ಎದೆಯ ಮೇಲೆ ಕೈಯಿಟ್ಟಳು. ಕಣ್ಣು ಹೇಳಿದ ಮಾತು ಕೇಳಿತು, ತುಂಬಿಕೊಂಡಿತು. ಸವೆದ ಮೂಳೆ ಕಟಕಟ ಎಂದಿತು. ನಿಧಾನವಾಗಿ ಒಂದು ಸಲ, ಇನ್ನೊಂದು ಸಲ.

"ಈ ಕ್ಯಾಮರಾದಪ್ಪಂಗೆ ಸಕ್ಕರೆ ಎಷ್ಟು ಅಂತ..." ಎನ್ನುತ್ತಾ ಮೇವಿಸ್ ಬಾಗಿಲು ತೆಗೆದಳು. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಅವಳು ಲೋರ್ನಾಳನ್ನು ನೋಡಿದಳು. ಕುರ್ಚಿಯನ್ನು ನೋಡಿದಳು. ಮತ್ತೆ ಲೋರ್ನಾಳನ್ನು ನೋಡಿದಳು.

"ಇದೇನು ಮಾಡ್ತಿದೀರಿ?"

ಟಾಮ್ಸಿನ್ ಪಾಪ, ಏನೂ ಅರಿಯದವಳು, ಉತ್ಸಾಹದಿಂದ ಹೇಳಿದಳು: "ಇದು ನಮ್ಮ ಕಸುಬಿನ ಗುಟ್ಟು ಮಿಸೆಸ್ ಹಾರ್ಗ್ರೀವ್ಸ್! ಕ್ಯಾಮರಾ ಒಂದೇ ಅಲ್ವಾ, ಹಂಗಾಗಿ ಇವರು ತಲೆ ಆಡಿಸೋದನ್ನ ನಾವು ಕೊನೇಲಿ ತಗೋತೀವಿ. ಯಾವಾಗ್ಲೂ ಹಿಂಗೇನೆ."

"ಯಾವಾಗ್ಲೂ?"

"ಮೊದಲಿಂದ್ಲೂ."

ಗೆರೈಂಟ್ ತಲೆ ತಗ್ಗಿಸಿ ಕ್ಯಾಮರಾ ಆರಿಸಿದ. ಮೇವಿಸ್ ಚಮಚವನ್ನು ಜೇಬಿಗೆ ಹಾಕಿಕೊಂಡು ನಡೆದುಬಂದು ಗಂಡನ ಕುರ್ಚಿಯಲ್ಲಿ ಕೂತಳು, ಲೋರ್ನಾಳ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಈಗ ಆಡ್ಸು. ಈಗ ಎದುರಿಗೆ ಜನ ಇದಾರಲ್ಲ. ವಿಲ್ಫ್ ಆವತ್ತು ನೀಲ್ ಹೆಸರೆತ್ತಿದ್ನಾ?"

ಲೋರ್ನಾ ಮತ್ತೆ ಸುಳ್ಳು ಹೇಳಬಹುದಾಗಿತ್ತು. ಆ ಹಾಳು ಕತ್ತು ಅಭ್ಯಾಸದಂತೆ ಮೇಲೆ ಕೆಳಗೆ ಆಡಲು ಹೊರಟಿತ್ತು ಕೂಡ. ಅವಳು ಅದನ್ನು ತಡೆದಳು. ನೋವಿನಿಂದ, ಮೊದಲ ಸಲ ಆ ಕೆಲಸ ಕಲಿಯುವವಳಂತೆ, ಅಡ್ಡಡ್ಡ ಆಡಿಸಿದಳು.

"ಮತ್ತೆ ಆವತ್ತಿನ ಆ ಕಣ್ಣೀರು?"

"ನಮ್ಮ ನಾಯಿ," ಎಂದಳು ಲೋರ್ನಾ. ಅವಳ ದನಿ ಅವಳಿಗೇ ಕೇಳಿಸುವಂತಿರಲಿಲ್ಲ. "ಸತ್ತುಹೋಗಿತ್ತು. ಅಳು ಬರ್ಬೇಕು ಅಂದಾಗೆಲ್ಲ ಅದನ್ನ ನೆನೆಸ್ಕೋತೀನಿ."

ಗ್ಯಾಸಿನ ಬೆಂಕಿ ಸುಯ್ಯೆನ್ನುತ್ತಿತ್ತು. ಮುದುಕಿ ಬೈಯುತ್ತಾಳೆ, ಎದ್ದು ಹೋಗಿ ಎನ್ನುತ್ತಾಳೆ ಎಂದು ಲೋರ್ನಾ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಏನ್ ಹೆಸರು ಅದರದ್ದು?"

"ಟಾಫಿ."

"ಟಾಫಿ," ಎಂದಳು ಮೇವಿಸ್. "ಹಂಗಾದ್ರೆ ನಾನು ಟಾಫಿಗೋಸ್ಕರ ಉಳ್ಕೊಂಡೆ."

ಲೋರ್ನಾ ಕ್ಷಮಿಸಿ ಎಂದು ಶುರುಮಾಡಿದಳು, ಮುದುಕಿ ಕೈಯೆತ್ತಿ ತಡೆದಳು. "ನಿಂದೇನಮ್ಮ, ಹೊಟ್ಟೆಪಾಡು. ನಿನ್ನನ್ನೇನ್ ಕೇಳ್ಲಿ ನಾನು?" ಅವಳು ಎದ್ದು, ಕುರ್ಚಿಯನ್ನು ಕಷ್ಟಪಟ್ಟು ಎಳೆದು ಬೆಂಕಿಗೂಡಿನ ಕಡೆಗೆ ತಿರುಗಿಸಿಕೊಂಡು ಕೂತಳು. ಅಲ್ಲಿ ಗಡಿಯಾರದ ಪಕ್ಕ ವಿಲ್ಫ್ ಒಂದು ಪಾರಿವಾಳವನ್ನು ಎದೆಗವಚಿಕೊಂಡು ನಗುವ ಫೋಟೋ ಇತ್ತು.

ಟಾಮ್ಸಿನ್ ಬಿಳಚಿಕೊಂಡಿದ್ದಳು. "ಹೋಗೋಣ್ವಾ?" ಎಂದು ಪಿಸುಗುಟ್ಟಿದಳು. ಲೋರ್ನಾ ಕೈಸನ್ನೆ ಮಾಡಿ ಅವಳನ್ನು ಸುಮ್ಮನಿರಿಸಿದಳು. ಎದ್ದುಹೋಗುವ ಮುಖ ಅವಳಿಗಿರಲಿಲ್ಲ, ಕೂತಿರುವ ಮುಖವೂ ಇರಲಿಲ್ಲ. ಇಡೀ ಮೈ ದಣಿದಿತ್ತು. ಆದರೂ ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳುತ್ತಾ ಕೂತಳು.

ಮೇವಿಸ್ ಕೂಗಾಡಲಿಲ್ಲ. ಹತ್ತೊಂಬತ್ತು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಜಗಳವನ್ನು ಬಿಟ್ಟ ಜಾಗದಿಂದಲೇ, ಮೆಲ್ಲಗೆ, ಗಂಡನ ಮುಖ ನೋಡಿಕೊಂಡು ಮತ್ತೆ ಹಿಡಿದಳು.

"ಕಾಳು ತಂದಿದ್ದೆ ಕಣೋ. ಕಾಳು ತರದೆ ಯಾವತ್ತಿದ್ದೆ ನಾನು? ನೀನೇ ಒಂದು ಮಾತು ಆಡ್ಲಿಲ್ಲ. ಬೇರೇನೂ ಬೇಡವಾಗಿತ್ತು ನಂಗೆ, ತಪ್ಪಾಯ್ತು ಅನ್ನೋದೂ ಬೇಡವಾಗಿತ್ತು. ಅವನ ಹೆಸರು ಹೇಳಿದ್ರೆ ಸಾಕಿತ್ತು ವಿಲ್ಫ್. ಬರೀ ಹೆಸರು."